ಸೊನ್ನೆ ತೋರಿಸಿದ ಮುಳ್ಳು

ಕಳೆದ ತಿಂಗಳು ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ವಿರಾಜಪೇಟೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ಮಾತಾಡುವವರು ಯಾರೂ ಸಿಗದೆ, ಬಿಟ್ಟಂಗಾಲದ ಕಡೆ ಒಂದು ಸುತ್ತು ಹಾಕಿಸಪ್ಪ ಎಂದು ಮೊಮ್ಮಗನನ್ನು ಹೊರಡಿಸಿದೆ. ರಸ್ತೆ ಪಕ್ಕದ ತೋಟವೊಂದರಲ್ಲಿ ಹುಡುಗಿಯೊಬ್ಬಳು ಮೂರು ಕಾಲಿನ ಮೇಲೆ ಒಂದು ಡಬ್ಬಿ ನಿಲ್ಲಿಸಿಕೊಂಡು ಅದರೊಳಗೆ ಇಣುಕುತ್ತಿದ್ದಳು. ಮುದುಕರಿಗೆ ಇರುವ ಒಂದೇ ಅನುಕೂಲವೆಂದರೆ ಯಾರ ತೋಟಕ್ಕೆ ನುಗ್ಗಿದರೂ ಯಾರೂ ಬೈಯುವುದಿಲ್ಲ. ನುಗ್ಗಿ, ಅದೇನಮ್ಮ ಎಂದು ಕೇಳಿದೆ.

"ಲೇಸರ್, ಅಜ್ಜ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ನೋಡ್ತೀವಿ" ಎಂದು ಕಿವುಡನಿಗೆ ಹೇಳುವ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಡಬ್ಬಿಯಿಂದ ಕಣ್ಣಿಗೆ ಕಾಣದ ಬೆಳಕು ಹೊರಟು, ಆಚೆ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಕನ್ನಡಿಗೆ ತಾಗಿ ವಾಪಸು ಬರುತ್ತದಂತೆ. ದಾರಿಯಲ್ಲಿ ಆ ಅನಿಲ ಒಂದಿಷ್ಟು ಬೆಳಕನ್ನು ನುಂಗಿಹಾಕುತ್ತದಂತೆ. ಎಷ್ಟು ಕಡಿಮೆಯಾಯಿತೋ ಅದರ ಮೇಲೆ ಅನಿಲ ಎಷ್ಟಿದೆ ಎಂದು ತಿಳಿಯುತ್ತದಂತೆ. ನಾನು ತಲೆಯಾಡಿಸಿದೆ. ಈ ಪಾಠವನ್ನು ಅವಳ ಅಪ್ಪ ಹುಟ್ಟುವ ಮೊದಲೇ ಇದೇ ಬಿಟ್ಟಂಗಾಲದಲ್ಲಿ ಕಲಿತವನು ನಾನು. ಅದನ್ನು ಹೇಳಿದರೆ ಅಜ್ಜನಿಗೆ ಬಿಸಿಲು ತಾಗಿದೆ ಎಂದುಕೊಂಡಾಳು. ತೋಟ ಎಷ್ಟು ಇಂಗಾಲ ಹೀರಿಕೊಳ್ಳುತ್ತದೆ ಎಂದು ಮಾಲೀಕರಿಗೆ ಒಂದು ಸರ್ಟಿಫಿಕೇಟು ಬೇಕಂತೆ. ಮಾಲೀಕರು ಅಲ್ಲೇ ನಿಂತು, ತೋಟ ಉಸಿರಾಡುವುದೂ ತನ್ನದೇ ಸಾಧನೆ ಎಂಬ ಮುಖ ಮಾಡಿಕೊಂಡು, ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅವಳು ಯಂತ್ರದ ಪೆಟ್ಟಿಗೆ ತೆರೆದಾಗ ಕಾಗದದ ಪುಟ್ಟ ಪೊಟ್ಟಣವೊಂದು ಕೆಳಗೆ ಬಿತ್ತು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಬಿಳಿ ಹರಳಿನ ಪೊಟ್ಟಣ, ಅದು. ಎತ್ತಿಕೊಂಡು ಬೆರಳಲ್ಲಿ ಹಿಚುಕಿದೆ. ಒಂದು ಇಡೀ ಮಳೆಗಾಲ ಈ ಹರಳನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದವನು ನಾನು. ಆ ವರ್ಷ ನೆನಪಾಯಿತು. ನೆನಪಾಗಿದ್ದಕ್ಕೆ ಸಂತೋಷವೇನೂ ಆಗಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಬೆಂಗಳೂರಿನಿಂದ ಬರುವ ಒಬ್ಬೊಬ್ಬ ಅಧಿಕಾರಿಯೂ ತಾನು ಘಟ್ಟ ಹತ್ತಿದ ಮೇಲೆಯೇ ಇಲ್ಲಿ ಬೆಳಗಾಯಿತು ಎಂದು ತಿಳಿದುಕೊಂಡಿದ್ದ ಕಾಲ. ನಮ್ಮದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದ ಕುಟುಂಬ. ಅಪ್ಪ ಅರಕಲಗೂಡು ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಒಂದು ಸರ್ಕಾರಿ ಸಂಶೋಧನಾ ಯೋಜನೆಯಲ್ಲಿ ತಾತ್ಕಾಲಿಕ ಸಹಾಯಕನಾಗಿ ಸೇರಿದೆ. ತಾತ್ಕಾಲಿಕ ಎಂಬ ಪದವನ್ನು ಅಪ್ಪ ಯಾರಿಗೂ ಹೇಳಲಿಲ್ಲ. ಮಗ ಗೌರ್ಮೆಂಟ್ ಸೈಂಟಿಸ್ಟು ಎಂದು ಕುಶಾಲನಗರದ ಸಂತೆಯಲ್ಲೆಲ್ಲ ಸಾರಿಬಿಟ್ಟರು. ವರ್ಷದ ಕೊನೆಗೆ ಯೋಜನೆಯ ಮುಖ್ಯಸ್ಥರು ಒಳ್ಳೆಯ ವರದಿ ಬರೆದರೆ ನಾನು ಖಾಯಂ. ಬರೆಯದಿದ್ದರೆ ವಾಪಸು ಗದ್ದೆಗೆ, ಅದೂ ಸಂತೆಯ ನಡುವೆಯೇ ಹಾದು. ಆ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಆ ಮುಖ್ಯಸ್ಥರೇ ಡಾಕ್ಟರ್ ನರಹರಿ. ಜರ್ಮನಿಯಲ್ಲಿ ಓದಿ ಬಂದವರು. ಬೆಳಕನ್ನು ಅನಿಲಗಳು ಹೇಗೆ ನುಂಗುತ್ತವೆ ಎಂಬುದು ಅವರ ವಿದ್ಯೆ. ಆ ವಿದ್ಯೆ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬರದೆ ಇದ್ದದ್ದು ಉಳಿದದ್ದೆಲ್ಲ. ಕಾಫಿ ತೋಟದ ನೆರಳಿನಲ್ಲಿ ಇಂಗಾಲದ ಡೈಆಕ್ಸೈಡ್ ಯಾವ ತಿಂಗಳು ಎಷ್ಟಿರುತ್ತದೆ ಎಂದು ವರ್ಷಪೂರ್ತಿ ಅಳೆಯುವುದು ಯೋಜನೆ. ಅದನ್ನು ಶುರುಮಾಡಲು ಅವರು ಆರಿಸಿಕೊಂಡದ್ದು ಜೂನ್ ತಿಂಗಳ ಎರಡನೆಯ ವಾರ.

ಬಿಟ್ಟಂಗಾಲದ ಹತ್ತಿರದ ಆ ಎಸ್ಟೇಟನ್ನು ನಡೆಸುತ್ತಿದ್ದವರು ಬೋಜಮ್ಮ ಎಂಬ ಕೊಡವರ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಪಕ್ಕದ ಖಾಲಿ ಗೋಡೌನನ್ನು ನಮಗೆ ಬಿಟ್ಟುಕೊಟ್ಟಿದ್ದರು. ಪಲ್ಪರ್‌ಗೆಂದು ಇಟ್ಟ ಇಂಜಿನ್ನಿನಿಂದಲೇ ನಮಗೂ ಕರೆಂಟು. ಲಾರಿಯಿಂದ ಪೆಟ್ಟಿಗೆಗಳು ಇಳಿಯುವ ಹೊತ್ತಿಗೆ ಎರಡು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ಬೋಜಮ್ಮ ಕೊಡೆ ಹಿಡಿದು ಬಂದು ನೋಡಿದರು.

"ಎಂಥ ಡಾಕ್ಟ್ರೇ, ಮಳೆ ಮುಗಿದ ಮೇಲೆ ಬರಬಹುದಿತ್ತಲ್ಲ?"

"ಯಂತ್ರಕ್ಕೆ ಮಳೆ, ಬಿಸಿಲು ಅಂತೇನೂ ಇಲ್ಲಮ್ಮ. ಅದು ಜರ್ಮನಿಯದು."

"ಜರ್ಮನಿಯದ್ದು ಸರಿ. ಮಳೆ ಇಲ್ಲಿಯದ್ದಲ್ವಾ" ಎಂದು ಹೇಳಿ ಅವರು ಮನೆಯೊಳಗೆ ಹೋದರು.

ಯಂತ್ರದ ವಿಚಾರ ಸ್ವಲ್ಪ ಹೇಳಬೇಕು. ಒಳಗೆ ಕೆಂಪಗೆ ಕಾಯುವ ಒಂದು ತಂತಿ. ಅದರ ಶಾಖವೂ ಬೆಳಕೇ, ಕಣ್ಣಿಗೆ ಕಾಣದ್ದು. ಆ ಬೆಳಕು ಒಂದು ಕೊಳವೆಯ ಮೂಲಕ ಹಾಯುತ್ತದೆ. ಕೊಳವೆಯೊಳಕ್ಕೆ ಸಣ್ಣ ಪಂಪು ತೋಟದ ಗಾಳಿಯನ್ನು ಎಳೆಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ತನ್ನ ಪಾಲಿನ ಬೆಳಕು ನುಂಗಿದ ಹಾಗೆ ಮೇಲಿನ ಮುಳ್ಳು ಏರುತ್ತದೆ. ಬಯಲಿನ ಗಾಳಿಯಲ್ಲಿ ಮುಳ್ಳು ಮುನ್ನೂರು ಚಿಲ್ಲರೆಯಲ್ಲಿ ನಿಲ್ಲಬೇಕು, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ ಅಷ್ಟು ಪಾಲು ಅನಿಲ. ಯಾವ ಊರಿನ ಯಾವ ಗಾಳಿಯಲ್ಲೂ ಅದು ಸೊನ್ನೆಗೆ ಬರುವುದಿಲ್ಲ, ಏಕೆಂದರೆ ಆ ಅನಿಲ ಇಲ್ಲದ ಗಾಳಿ ಭೂಮಿಯ ಮೇಲಿಲ್ಲ.

ಸೊನ್ನೆಯನ್ನು ನಾವೇ ಮಾಡಿಕೊಳ್ಳಬೇಕಿತ್ತು. ಅದಕ್ಕೊಂದು ಗಾಜಿನ ನಳಿಗೆ, ಒಳಗೆ ಸುಣ್ಣ ಬೆರೆಸಿದ ಬಿಳಿ ಹರಳು. ಈ ಸುಣ್ಣದ ನಳಿಗೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಬೆಳಗ್ಗೆ ಅದರ ಮೂಲಕ ಗಾಳಿ ಎಳೆದು, ಮುಳ್ಳನ್ನು ಸೊನ್ನೆಗೆ ತಂದು, ನಳಿಗೆಯನ್ನು ಬಿಚ್ಚಿ ಪಕ್ಕಕ್ಕಿಡಬೇಕು. ಆಮೇಲೆ ಅದೇ ಜಾಗಕ್ಕೆ ಇನ್ನೊಂದು ಗಾಜಿನ ನಳಿಗೆ, ತೇವ ಹೀರುವ ಹರಳಿನದು. ನೀರಿನ ಆವಿಯೂ ಬೆಳಕು ನುಂಗುತ್ತದೆ, ಅದಕ್ಕೇ ಗಾಳಿಯನ್ನು ಒಣಗಿಸಿ ಒಳಗೆ ಬಿಡಬೇಕು. ಎರಡು ನಳಿಗೆಯೂ ಒಂದೇ ಅಳತೆ, ಎರಡರಲ್ಲೂ ಬಿಳಿ ಹರಳು. ತೇವದ ಹರಳಿನಲ್ಲಿ ನೀಲಿ ಬಣ್ಣದ ಜಾತಿಯೂ ಸಿಗುತ್ತಿತ್ತು. ಅದು ನಮ್ಮ ಡಾಕ್ಟರಿಗೆ ಪೆಪ್ಪರಮೆಂಟಿನ ಹಾಗೆ ಕಂಡಿತಂತೆ, ಬೇಡ ಎಂದರಂತೆ. ಗುರುತಿಗೆ ತಮ್ಮ ಮುದ್ದಾದ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದರು. ಜುಲೈ ಹೊತ್ತಿಗೆ ಬೂಷ್ಟು ಹಿಡಿದು ಎರಡೂ ಚೀಟಿ ಉದುರಿದವು. ಒಂದಕ್ಕೆ ಕೆಂಪು ದಾರ ಕಟ್ಟಲೇ ಸಾರ್ ಎಂದು ಕೇಳಿದೆ.

"ಇದು ಪ್ರಯೋಗಶಾಲೆ ರೀ ರಂಗೇಗೌಡ. ಮಗುವಿನ ಸೊಂಟ ಅಲ್ಲ, ದಾರ ಕಟ್ಟೋಕೆ" ಎಂದರು.

ಕೊಡಗಿನ ಮಳೆಗಾಲದಲ್ಲಿ ಆ ಹರಳು ಅರ್ಧ ದಿನದಲ್ಲಿ ತೊಯ್ದು ಕೂತುಬಿಡುತ್ತಿತ್ತು. ಒಳಗೆ ಮಂಜು ನುಗ್ಗಿದಷ್ಟೂ ಮುಳ್ಳು ಮೇಲಕ್ಕೆ ಹೋಗುತ್ತಿತ್ತು. ನಾಲ್ಕು ನೂರು, ಐದು ನೂರು. ಡಾಕ್ಟರು ಇದನ್ನು ನೋಡಿ ಕುಣಿದಾಡಿದರು. ಮಳೆಗಾಲದಲ್ಲಿ ಕಾಫಿ ತೋಟ ಎರಡು ಪಟ್ಟು ಉಸಿರಾಡುತ್ತದೆ ಎಂದು ಜರ್ಮನಿಯ ತಮ್ಮ ಗುರುಗಳಿಗೆ ನಾಲ್ಕು ಪುಟದ ಕಾಗದ ಬರೆದರು. ನನಗೆ ಅನುಮಾನ. ಹರಳನ್ನು ಹುರಿದರೆ ಮತ್ತೆ ಒಣಗುತ್ತದೆ ಎಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿತ್ತು. ಬೋಜಮ್ಮನ ಹೊರ ಅಡುಗೆಮನೆಯಲ್ಲಿ ಒಂದು ಬಾಣಲೆ ಕೇಳಿದೆ. ಅವರು ಹರಳನ್ನು ಮೂಸಿ ನೋಡಿ, ಇದನ್ನು ಹುರಿದ ಬಾಣಲೆಯಲ್ಲಿ ಮತ್ತೆ ನನ್ನ ಮನೆಯವರಿಗೆ ಪಂದಿಕರಿ ಮಾಡಬೇಕಾ ಎಂದು ಕೇಳಿ, ಲೈನಿನ ಕಡೆ ಕೈ ತೋರಿಸಿದರು.

ಲೈನು ಎಂದರೆ ಕೂಲಿಯವರ ಸಾಲುಮನೆ. ಅಲ್ಲಿ ಕೊನೆಯ ಮನೆಯಲ್ಲಿ ಚಾತು ಮತ್ತು ಮಾಧವಿ ಇದ್ದರು. ಘಟ್ಟದ ಕೆಳಗಿನ ಮಲಯಾಳದವರು. ಮಳೆಗಾಲದಲ್ಲಿ ತೋಟದ ಕಳೆ ತೆಗೆಯುವುದು, ಬೇಸಿಗೆಯಲ್ಲಿ ಬಾವಿ ತೋಡುವುದು ಅವರ ಕಸುಬು. ಮಾಧವಿ ಒಲೆಯ ಒಂದು ಮೂಲೆಯನ್ನು ನನಗೆ ಬಿಟ್ಟಳು. ದಿನವೂ ಮಧ್ಯಾಹ್ನ ನಾನು ಅಲ್ಲಿ ಕೂತು ಹರಳು ಹುರಿಯುವುದು, ಅವಳು ಪಕ್ಕದಲ್ಲಿ ಮರಗೆಣಸು ಬೇಯಿಸುವುದು.

"ಕಲ್ಲು ಬೆಂದಿತಾ ಸಾರ್? ಉಪ್ಪು ಕೊಡಲಾ?" ಎಂದು ತಮಾಷೆ ಮಾಡುತ್ತಿದ್ದಳು. ಹಸಿ ಸೌದೆಯ ಹೊಗೆಗೆ ನನ್ನ ಹರಳೆಲ್ಲ ಸ್ವಲ್ಪ ಹಳದಿಗೆ ತಿರುಗಿತು. ಮಾತಿಗೆ ಮಾತು ಬಂದು, ಖಾಯಂ ಆಗುವ ನನ್ನ ಚಿಂತೆಯನ್ನೂ ಅವಳಿಗೆ ಹೇಳಿಕೊಂಡೆ. ಆಗುತ್ತದೆ ಸಾರ್, ಇಷ್ಟು ಕಲ್ಲು ಹುರಿದವರನ್ನು ಯಾರು ಬಿಡುತ್ತಾರೆ ಎಂದು ಸಮಾಧಾನ ಹೇಳಿದಳು.

ಒಣಗಿದ ಹರಳು ಹಾಕಿದ ದಿನ ಮುಳ್ಳು ಮುನ್ನೂರು ಚಿಲ್ಲರೆಗೆ ಇಳಿದು ಸುಮ್ಮನೆ ನಿಂತಿತು. ನಾನು ಹೆಮ್ಮೆಯಿಂದ ಡಾಕ್ಟರನ್ನು ಕರೆದು ತೋರಿಸಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ, ಅಷ್ಟು ಪೆದ್ದ ನಾನು. ಅವರ ಮುಖ ಕಪ್ಪಿಟ್ಟಿತು.

"ನಿಮಗೆ ಯಾರು ಹೇಳಿದ್ದು ಇದನ್ನೆಲ್ಲ ಮಾಡೋಕೆ?"

"ಸಾರ್, ನೀರಿನ ಆವಿ..."

"ನೀರಿನ ಆವಿ ಏನು ಮಾಡುತ್ತೆ ಅಂತ ನನಗೆ ಪಾಠ ಹೇಳ್ತೀರೇನ್ರೀ? ವರದಿ ಬರೆಯೋನು ನಾನು. ಅದು ಜ್ಞಾಪಕ ಇರಲಿ."

ಜರ್ಮನಿಗೆ ಹೋದ ಕಾಗದವನ್ನು ವಾಪಸು ತರುವುದು ಹೇಗೆ? ಒಂದು ವಾರ ಅವರು ನನ್ನ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ ಏನೂ ಆಗದವರ ಹಾಗೆ, ಹರಳನ್ನು ದಿನವೂ ಹುರಿಯತಕ್ಕದ್ದು ಎಂದು ತಾವೇ ಆಜ್ಞೆ ಮಾಡಿದರು. ಆ ವಾರ ನಾನು ಕಲಿತ ವಿದ್ಯೆ ಬಿ.ಎಸ್ಸಿ.ಯ ಮೂರು ವರ್ಷದಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಅಂದಿನಿಂದ ಯಂತ್ರ ಏನು ಹೇಳಿದರೂ ಸರಿ, ಡಾಕ್ಟರು ಏನು ಹೇಳಿದರೂ ಸರಿ. ನಾನು ಗಿಣಿಯ ಹಾಗೆ ಹೌದು ಸಾರ್ ಎನ್ನುತ್ತಿದ್ದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆಗಸ್ಟಿನ ಒಂದು ಮಧ್ಯಾಹ್ನ, ಇಂಜಿನ್ ಕೆಟ್ಟು ಕೆಲಸ ನಿಂತಾಗ, ಅವರು ವಿದೇಶದ ಪತ್ರಿಕೆಯೊಂದನ್ನು ತೆರೆದು, ಹೊಸದಾಗಿ ಲೇಸರ್ ಎಂಬ ಬೆಳಕು ಬಂದಿದೆ, ಒಂದೇ ಬಣ್ಣದ್ದು, ನೂಲಿನ ಹಾಗೆ ನೆಟ್ಟಗೆ ಹೋಗುವಂಥದ್ದು ಎಂದು ಹೇಳಿದರು. ಮುಂದೊಂದು ದಿನ ಕೊಳವೆಯೂ ಬೇಡ, ಪಂಪೂ ಬೇಡ, ತೋಟದ ಈ ತುದಿಯಿಂದ ಆ ತುದಿಗೆ ಆ ಬೆಳಕು ಬಿಟ್ಟು ಗಾಳಿಯನ್ನು ನಿಂತಲ್ಲೇ ಅಳೆಯುತ್ತಾರೆ ನೋಡ್ರೀ ಎಂದರು. ಅಂದು ಅವರ ಕಣ್ಣಿನಲ್ಲಿ ಗರ್ವವಿರಲಿಲ್ಲ. ಅವರು ಹೇಳಿದ್ದೆಲ್ಲ ನಿಜವಾಯಿತು. ಅಂಥ ಮನುಷ್ಯ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಹಾಗೆ ಇದ್ದರಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮಳೆ ನಿಂತಿತು. ಹುತ್ತರಿ ಹಬ್ಬ ಕಳೆಯಿತು. ಕಾಫಿ ಹಣ್ಣಾಗಿ ಪಿಕಿಂಗ್ ಶುರುವಾಯಿತು, ಮುಗಿಯಿತು. ಮುಳ್ಳು ಮುನ್ನೂರು ಚಿಲ್ಲರೆಯಿಂದ ಅತ್ತಿತ್ತ ಹೆಚ್ಚು ಅಲ್ಲಾಡಲಿಲ್ಲ. ಯೋಜನೆಯಿಂದ ಏನು ಸಿಕ್ಕಿತು ಎಂದು ಬೆಂಗಳೂರಿನಿಂದ ಕಾಗದಗಳು ಬರತೊಡಗಿದವು. ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿರಲಿಲ್ಲ. ಮಾರ್ಚ್ ಕೊನೆಗೆ ಇಲಾಖೆಯ ದೊಡ್ಡ ಸಾಹೇಬರೇ ಬಂದು ನೋಡುತ್ತಾರೆ ಎಂದಾಯಿತು. ಡಾಕ್ಟರು ನಿದ್ದೆಗೆಟ್ಟವರ ಹಾಗೆ ಓಡಾಡುತ್ತಿದ್ದರು. ಆಗ ಅವರ ಕಣ್ಣಿಗೆ ಬಿದ್ದದ್ದು ಲೈನಿನ ಬಾವಿ.

ಆ ಬೇಸಿಗೆ ಲೈನಿನ ಬಾವಿ ಬತ್ತಿ, ಬೋಜಮ್ಮ ಪಕ್ಕದಲ್ಲೇ ಹೊಸದೊಂದು ತೋಡಿಸುತ್ತಿದ್ದರು. ಫೆಬ್ರವರಿಯಿಂದ ಚಾತು ಮತ್ತು ಇನ್ನಿಬ್ಬರು ಕೆಳಗೆ ಅಗೆಯುವುದು, ಮಾಧವಿ ಮತ್ತು ನಾಲ್ಕು ಹೆಂಗಸರು ಮೇಲೆ ಹಗ್ಗ ಎಳೆಯುವುದು. ಅವರ ಕೆಲಸದ ರೀತಿಯನ್ನು ನಾನು ಎಷ್ಟೋ ಬೆಳಗ್ಗೆ ನಿಂತು ನೋಡಿದ್ದೆ. ಮೊದಲು ಹೊತ್ತಿಸಿದ ಲಾಂದ್ರವನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸುತ್ತಾರೆ. ಒಂದು ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತು ಕಾಯುತ್ತಾರೆ. ದೀಪ ಆರದಿದ್ದರೆ ಸರಿ. ಆರಿದರೆ ಕೆಳಗೆ ಉಸಿರು ಕಟ್ಟಿಸುವ ಕೆಟ್ಟ ಗಾಳಿ ಇದೆ ಎಂದು ಅರ್ಥ, ಹೆಚ್ಚಾಗಿ ನಮ್ಮ ಯಂತ್ರ ಅಳೆಯುತ್ತಿದ್ದ ಅದೇ ಅನಿಲ. ಆಗ ದೊಡ್ಡ ಸೊಪ್ಪಿನ ಕಂತೆ ಕಟ್ಟಿ, ಬಾವಿಯೊಳಗೆ ಮೇಲಕ್ಕೂ ಕೆಳಕ್ಕೂ ಎಳೆದಾಡಿ ಗಾಳಿ ಕದಡುತ್ತಾರೆ, ನೀರು ಚಿಮುಕಿಸುತ್ತಾರೆ, ಮತ್ತೆ ಲಾಂದ್ರ. ಎಲ್ಲ ಸರಿ ಎಂದು ಕಂಡ ಮೇಲೆ ಚಾತು "ಇಳಿಯಬಹುದು" ಎನ್ನುತ್ತಾನೆ. ಹಾಗೆಂದವನೇ ಮೊದಲು ಇಳಿಯುತ್ತಾನೆ. ಬೇರೆಯವರನ್ನು ಮೊದಲು ಕಳಿಸಬಾರದೇ ಎಂದು ಒಮ್ಮೆ ಮಾಧವಿಯನ್ನು ಕೇಳಿದ್ದೆ.

"ಅದು ಆಗೋದಿಲ್ಲ ಸಾರ್. ಇಳಿಯಬಹುದು ಅಂತ ಯಾರು ಹೇಳ್ತಾರೋ ಅವರೇ ಮೊದಲು ಇಳೀಬೇಕು. ನಮ್ಮಲ್ಲಿ ಅಪ್ಪನಿಗೂ ಅದೇ, ಮಗನಿಗೂ ಅದೇ. ಇಲ್ಲಾಂದ್ರೆ ಬಾಯಿಗೆ ಬಂದ ಹಾಗೆ ಹೇಳಿಬಿಡ್ತಾರಲ್ಲ" ಎಂದಿದ್ದಳು.

ಎಂಟಾಳು ಆಳಕ್ಕೆ ಬಂಡೆ ಸಿಕ್ಕಿತು. ಬಂಡೆ ಸಿಡಿಸುವವನು ಕುಶಾಲನಗರದಿಂದ ಬರುವವರೆಗೆ ಕೆಲಸ ನಿಲ್ಲಿಸಿ, ಮಕ್ಕಳು ಬೀಳದ ಹಾಗೆ ಬಾವಿಯ ಬಾಯಿಗೆ ಹಲಗೆ ಹಾಕಿ ಸೊಪ್ಪು ಮುಚ್ಚಿದರು. ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಸೊಪ್ಪೆಲ್ಲ ನೆನೆದು ಅರ್ಧ ಒಳಗೆ ಬಿದ್ದು ಕೊಳೆಯತೊಡಗಿತು. ಬಂಡೆಯವನು ಬರುತ್ತೇನೆ ಎಂದು ಹೇಳಿಕಳಿಸಿದ. ಅವನು ಬರುವ ಮೊದಲು ಚಾತು ಇಳಿದು ಸೊಪ್ಪು, ಕೆಸರು ತೆಗೆಯಬೇಕಿತ್ತು. ಅದನ್ನು ಡಾಕ್ಟರು ತಡೆದರು.

"ಸಾಹೇಬರು ಬರೋವರೆಗೆ ಬಾವಿ ಮುಟ್ಟಬಾರದು. ಒಳಗಿನ ಗಾಳಿ ಹೇಗಿದೆಯೋ ಹಾಗೇ ಇರಬೇಕು. ನಾವು ಅಳೆದು, ಇಳಿಯಬಹುದೋ ಬಾರದೋ ಹೇಳ್ತೀವಿ. ವಿಜ್ಞಾನದಿಂದ ಕೂಲಿಯವರಿಗೂ ಉಪಯೋಗ ಇದೆ ಅಂತ ಅವರಿಗೆ ಗೊತ್ತಾಗಲಿ."

"ಲಾಂದ್ರ ಇಳಿಸಿ ನೋಡುದು ನಾವು" ಎಂದ ಚಾತು.

"ಲಾಂದ್ರ ಕೂಡದು. ದೀಪ ಉರಿದರೆ ಅದೇ ಕಾರ್ಬನ್ ಡೈಆಕ್ಸೈಡ್ ಉಗುಳುತ್ತೆ. ನನ್ನ ಅಳತೆ ಎಲ್ಲ ಕೆಡುತ್ತೆ."

ದೀಪ ಉರಿದರೆ ಆ ಅನಿಲ ಬರುತ್ತದೆ ಎಂಬುದು ನಿಜ. ಎಂಟಾಳು ಆಳದ ಗುಂಡಿಗೆ ಮನುಷ್ಯ ಇಳಿಯುವುದೂ ನಿಜ. ಎರಡರಲ್ಲಿ ಯಾವುದು ಮುಖ್ಯ ಎಂದು ಹೇಳಲು ಜರ್ಮನಿಗೆ ಹೋಗಬೇಕಾಗಿರಲಿಲ್ಲ. ನಾನು ಹೌದು ಸಾರ್ ಎಂದೆ.

ಆ ದಿನ ಬೆಳಗ್ಗೆ ಯಂತ್ರವನ್ನು ಬಾವಿಯ ಪಕ್ಕಕ್ಕೆ ಹೊತ್ತು ತಂದು ಮೇಜಿನ ಮೇಲಿಟ್ಟೆವು. ಉದ್ದನೆಯ ರಬ್ಬರ್ ಪೈಪಿನ ತುದಿಗೆ ಕಲ್ಲು ಕಟ್ಟಿ ತಳಕ್ಕೆ ಬಿಟ್ಟೆವು. ವರ್ಷವಿಡೀ ಯಂತ್ರಕ್ಕೆ ಕೈ ತಾಗಿಸದ ಡಾಕ್ಟರು ಅಂದು ತಾವೇ ಎಲ್ಲ ಮಾಡುತ್ತೇನೆ ಎಂದು ಹಟ ಹಿಡಿದರು. ಸಾಹೇಬರು ಬರುವಾಗ ಯಂತ್ರದ ಮುಂದೆ ಅಸಿಸ್ಟೆಂಟ್ ನಿಂತಿರಬಾರದಲ್ಲ. ಸುಣ್ಣದ ನಳಿಗೆ ಹಾಕಿ ಮುಳ್ಳನ್ನು ಸೊನ್ನೆಗೆ ತಂದರು. ಅಷ್ಟು ಹೊತ್ತಿಗೆ ಗೇಟಿನಲ್ಲಿ ಜೀಪಿನ ಸದ್ದಾಯಿತು. ಅವಸರದಲ್ಲಿ ನಳಿಗೆ ಬಿಚ್ಚಿ ಸ್ಟ್ಯಾಂಡಿನಲ್ಲಿಟ್ಟು, ಅಲ್ಲಿದ್ದ ಎರಡರಲ್ಲಿ ಒಂದನ್ನು ಯಂತ್ರಕ್ಕೆ ಸಿಕ್ಕಿಸಿ, ಟೈ ಸರಿಮಾಡಿಕೊಳ್ಳುತ್ತ ಓಡಿದರು.

ಸಾಹೇಬರು ಬಂದರು. ಕುರ್ಚಿ ಹಾಕಿದ್ದೆವು, ಕೂತರು. ಬೋಜಮ್ಮ ಕಾಫಿ ಕಳಿಸಿದರು, ಕುಡಿದರು. ಡಾಕ್ಟರು ಇಂಗ್ಲಿಷಿನಲ್ಲಿ ಕಾಲು ಗಂಟೆ ಭಾಷಣ ಮಾಡಿ ಪಂಪು ಚಾಲೂ ಮಾಡಿದರು. ಪೈಪು ಬಾವಿಯ ತಳದ ಗಾಳಿಯನ್ನು ಎಳೆಯಿತು. ಮುಳ್ಳು ಒಮ್ಮೆ ನಡುಗಿ ಸೊನ್ನೆಯ ಮೇಲೆ ನಿಂತಿತು. ಅಲ್ಲಿಂದ ಕದಲಲಿಲ್ಲ.

"ಸೊನ್ನೆ" ಎಂದರು ಡಾಕ್ಟರು. "ಹಾನಿಕಾರಕ ಅನಿಲ ಲವಲೇಶವೂ ಇಲ್ಲ. ಪರಿಶುದ್ಧವಾದ ಗಾಳಿ."

ಸಾಹೇಬರು ಭೇಷ್ ಎಂದರು. ಹತ್ತು ತಿಂಗಳಲ್ಲಿ, ಯಾವ ಗಾಳಿಯಲ್ಲೂ, ಆ ಮುಳ್ಳು ತಾನಾಗಿ ಸೊನ್ನೆಗೆ ಬಂದದ್ದನ್ನು ನಾನು ನೋಡಿರಲಿಲ್ಲ. ನಳಿಗೆಯ ಕಡೆ ನೋಡಿದೆ. ಒಳಗಿದ್ದ ಹರಳು ಸುಣ್ಣದ ಹಾಗೆ ಬೆಳ್ಳಗಿತ್ತು. ಮಾಧವಿಯ ಒಲೆಯ ಹೊಗೆ ಕುಡಿದು ಹಳದಿಯಾದ ನನ್ನ ಹರಳು ಸ್ಟ್ಯಾಂಡಿನಲ್ಲೇ ಉಳಿದಿತ್ತು. ಡಾಕ್ಟರು ಬಿಚ್ಚಿದ ಸುಣ್ಣದ ನಳಿಗೆಯನ್ನೇ ತಿರುಗಿ ಹಾಕಿದ್ದರು. ಬಾವಿಯಲ್ಲಿ ಎಷ್ಟೇ ಕೆಟ್ಟ ಗಾಳಿ ಇರಲಿ, ಆ ನಳಿಗೆ ಎಲ್ಲವನ್ನೂ ನುಂಗಿ ಯಂತ್ರಕ್ಕೆ ಬರೀ ಸೊನ್ನೆಯನ್ನು ಕೊಡುತ್ತಿತ್ತು. ಇದು ಅಲ್ಲಿದ್ದವರಲ್ಲಿ ನನ್ನೊಬ್ಬನಿಗೇ ಗೊತ್ತು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಸಾಹೇಬರ ಎದುರಿಗೆ ಡಾಕ್ಟರ ಮಾನ ಹೋಗುತ್ತದೆ, ವರದಿ ಬರೆಯುವವರು ಅವರೇ. ಚಾತು ಅಂಗಿ ಬಿಚ್ಚಿ ತಲೆಗೆ ಟವೆಲು, ಸೊಂಟಕ್ಕೆ ಹಗ್ಗ ಸುತ್ತಿಕೊಂಡ. ಅವನಿಗೆ ಇಷ್ಟವಿರಲಿಲ್ಲ ಎಂಬುದು ಕಾಣುತ್ತಿತ್ತು. ಆದರೆ ಅಮ್ಮಾವ್ರ ತೋಟ, ದೊಡ್ಡ ದೊಡ್ಡವರು ಕೂತಿದ್ದಾರೆ, ಏನು ಮಾಡಿಯಾನು. ಮಾಧವಿ ಹಗ್ಗ ಹಿಡಿದು ನಿಂತವಳು ಡಾಕ್ಟರನ್ನು ನೋಡಲಿಲ್ಲ, ಸಾಹೇಬರನ್ನೂ ನೋಡಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದಳು.

"ಸಾರ್, ನೀವು ಹೇಳಿ. ಇಳಿಸಲಾ?"

"ಯಂತ್ರ ಸೊನ್ನೆ ತೋರಿಸ್ತಿದೆಯಲ್ಲ" ಎಂದೆ.

"ಯಂತ್ರ ಎಂಥದು ನನಗೆ ಗೊತ್ತಿಲ್ಲ. ನಿಮ್ಮನ್ನು ಕೇಳಿದ್ದು."

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ಕೆಳಗೆ ಹಾಕಿ ಹೇಳಿದೆ: "ಇಳಿಯಬಹುದು."

ಈಗ ಅರವತ್ತು ವರ್ಷ ದಾಟಿದೆ. ಆ ಒಂದು ಪದ ಹೇಳಿದ ನನ್ನ ಬಾಯಿಯ ಮೇಲೆ ನನಗೆ ಇರುವ ಹೇಸಿಗೆ ಡಾಕ್ಟರ ಮೇಲೂ ಇಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮಾಧವಿ ಚಾತುವಿನ ಸೊಂಟದಿಂದ ಹಗ್ಗ ಬಿಚ್ಚಿ ತಂದು ನನ್ನ ಸೊಂಟಕ್ಕೆ ಸುತ್ತತೊಡಗಿದಳು.

"ಇದೇನಮ್ಮ?" ಎಂದರು ಸಾಹೇಬರು.

"ಇಳಿಯಬಹುದು ಅಂದವರು ಮೊದಲು ಇಳೀಬೇಕು ಸಾರ್. ಅದು ನಮ್ಮ ಕ್ರಮ. ಇವರು ಹೋಗಿ ಬರಲಿ, ಆಮೇಲೆ ನಮ್ಮವರು."

ಸಾಹೇಬರಿಗೆ ಇದು ಬಹಳ ಮೋಜೆನಿಸಿತು. ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ನಕ್ಕರು. ಸಾಹೇಬರು ನಕ್ಕ ಮೇಲೆ ಡಾಕ್ಟರೂ ನಗಲೇಬೇಕು. "ಹೋಗಿಬನ್ರೀ ರಂಗೇಗೌಡ. ನಮ್ಮ ಯಂತ್ರದ ಮೇಲೆ ನಮಗೆ ವಿಶ್ವಾಸ ಇದೆ ಅಂತ ತೋರಿಸಿದ ಹಾಗಾಯ್ತು" ಎಂದರು. ಮಾಧವಿ ಗಂಟು ಬಿಗಿದು, ಎರಡು ಸಲ ಜಗ್ಗಿ ನೋಡಿದಳು. ಅವಳ ಕೈಗೆ ಅದು ದಿನದ ಕೆಲಸ. ನಾಲ್ಕು ಹೆಂಗಸರು ಹಗ್ಗದ ಇನ್ನೊಂದು ತುದಿ ಹಿಡಿದರು. ನಾನು ಬಾವಿಯ ಅಂಚಿಗೆ ಬಂದು ಕೆಳಗೆ ನೋಡಿದೆ. ಕೊಳೆತ ಸೊಪ್ಪಿನ ವಾಸನೆ ಮುಖಕ್ಕೆ ಹೊಡೆಯಿತು.

ಚಾತು ಸಾಯುತ್ತಾನೆ ಎಂದು ತಿಳಿದೂ ಹೊರಡದ ಮಾತು, ನನ್ನ ಸೊಂಟಕ್ಕೆ ಹಗ್ಗ ಬಿಗಿದ ಕೂಡಲೇ ತಾನಾಗಿ ಹೊರಟಿತು. ಅದೂ ಹೇಗೆ ಹೊರಟಿತು ಎನ್ನುತ್ತೀರಿ. ಎಲ್ಲರಿಗೂ ಕೇಳುವ ಹಾಗೆ ಹೇಳುವ ಧೈರ್ಯ ಆಗಲೂ ಬರಲಿಲ್ಲ. ಡಾಕ್ಟರ ಹತ್ತಿರ ಹೋಗಿ, ಪಿಸುದನಿಯಲ್ಲಿ, ಇಂಗ್ಲಿಷಿನಲ್ಲಿ, ಸುಣ್ಣದ ನಳಿಗೆ ಹಾಗೇ ಇದೆ ಸಾರ್ ಎಂದೆ.

ಡಾಕ್ಟರ ಮುಖದ ರಕ್ತ ಒಮ್ಮೆ ಇಳಿದು, ಮತ್ತೆ ಏರಿತು. ಮೆಚ್ಚಬೇಕು ಆ ಮನುಷ್ಯನನ್ನು, ಒಂದೇ ಕ್ಷಣ ತಡವರಿಸಿದ್ದು. ಸಾಹೇಬರ ಕಡೆ ತಿರುಗಿ, "ಇಲ್ಲಿಗೆ ಪ್ರಾತ್ಯಕ್ಷಿಕೆಯ ಮೊದಲನೇ ಭಾಗ ಮುಗೀತು ಸಾರ್. ಶುದ್ಧ ಗಾಳಿಯಲ್ಲಿ ಯಂತ್ರ ಹೇಗೆ ಕಾಣುತ್ತೆ ಅಂತ ತೋರಿಸಿದೆ. ಈಗ ಬಾವಿಯ ನಿಜವಾದ ಗಾಳಿ ನೋಡೋಣ" ಎಂದು ನಳಿಗೆ ಬದಲಾಯಿಸಿದರು. ಪಂಪು ಓಡಿತು. ಮುಳ್ಳು ಒಂದೇ ಏಟಿಗೆ ಬಲತುದಿಗೆ ಹಾರಿ, ಅಲ್ಲಿನ ಕಡ್ಡಿಗೆ ಬಡಿದು ಅಂಟಿಕೊಂಡಿತು.

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಂಥ ಯಂತ್ರ, ಒಂದು ಜೀವ ಉಳಿಸಿತಲ್ಲ ಎಂದರು. ಮನುಷ್ಯನ ಮೂಗಿಗೆ ತಿಳಿಯದ್ದು ಬೆಳಕಿಗೆ ತಿಳಿಯುತ್ತೆ ಸಾರ್ ಎಂದು ಡಾಕ್ಟರು ತಲೆ ಬಾಗಿಸಿದರು. ಇಬ್ಬರೂ ಮಾತಾಡುತ್ತ ಬೋಜಮ್ಮನ ಮನೆಯ ಕಡೆ ಊಟಕ್ಕೆ ನಡೆದರು.

ನನ್ನ ಸೊಂಟದಲ್ಲಿ ಹಗ್ಗ ಹಾಗೇ ಇತ್ತು. ಮಾಧವಿ ಬಂದು ಗಂಟು ಬಿಚ್ಚತೊಡಗಿದಳು. ನನ್ನ ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ. ಆದರೆ ನಾನು ಪಿಸುಗುಟ್ಟಿದ್ದು, ನಳಿಗೆ ಬದಲಾದದ್ದು, ಮುಳ್ಳು ಹಾರಿದ್ದು ಎಲ್ಲ ಅವಳ ಕಣ್ಣೆದುರಿಗೇ ನಡೆದಿತ್ತು.

"ನಿಮಗೆ ಮೊದಲೇ ಗೊತ್ತಿತ್ತಲ್ಲ ಸಾರ್?"

ನಾನೇ ಬಿಚ್ಚಿಕೊಳ್ಳುತ್ತೇನೆ ಎಂಬಂತೆ ಗಂಟಿಗೆ ಕೈ ಹಾಕಿದೆ.

"ನಾನು ಎರಡು ಸಲ ಕೇಳಿದೆ" ಎಂದಳು. ದನಿ ಏರಿಸಲಿಲ್ಲ. ಹಗ್ಗವನ್ನು ಮೊಳಕೈಗೆ ಸುತ್ತಿಕೊಂಡು ಹೊರಟುಹೋದಳು.

ಸಾಹೇಬರ ಜೀಪು ಗೇಟು ದಾಟುವುದನ್ನೇ ಕಾದಿದ್ದು ಚಾತು ಲಾಂದ್ರ ತಂದು ಇಳಿಸಿದ. ಮೂರು ಆಳು ಇಳಿಯುವಷ್ಟರಲ್ಲಿ ಆರಿತು. ಮತ್ತೆ ಹೊತ್ತಿಸಿ ಇಳಿಸಿದ, ಅಲ್ಲಿಗೇ ಮತ್ತೆ ಆರಿತು. ಆ ದಿನವೂ ಮಾರನೆಯ ದಿನವೂ ಅವರೆಲ್ಲ ಸೊಪ್ಪಿನ ಕಂತೆ ಎಳೆದಾಡಿ ಗಾಳಿ ಕದಡಿದರು. ಮೂರನೆಯ ದಿನ ದೀಪ ತಳದಲ್ಲಿ ನಿಂತಿತು. ಚಾತು ಇಳಿದ. ನಾನು ಗೋಡೌನಿನ ಕಿಟಕಿಯಿಂದ ನೋಡಿದೆ. ಹತ್ತಿರ ಹೋಗಲು ಕಾಲು ಬರಲಿಲ್ಲ. ಏಪ್ರಿಲ್ ಎರಡನೆಯ ವಾರ ಬಂಡೆ ಒಡೆದು ನೀರು ಬಂತು. ಮಾಧವಿ ಮೊದಲ ನೀರನ್ನು ಲೈನಿನ ಎಲ್ಲ ಮನೆಗೂ ಹಂಚಿ, ಒಂದು ಚೆಂಬು ನಮ್ಮ ಗೋಡೌನಿಗೂ ಕಳಿಸಿದಳು. ಎಲ್ಲರಿಗೂ ಕೊಡುವುದು ಅವರ ಪದ್ಧತಿ, ಕೊಟ್ಟಳು. ತಾನು ಬರಲಿಲ್ಲ.

ಡಾಕ್ಟರು ಆ ಬಾವಿಯ ಮೇಲೆ ಒಂದು ಪ್ರಬಂಧ ಬರೆದರು. ಕಾಣದ ಬೆಳಕಿನಿಂದ ಬಾವಿಯ ವಿಷಗಾಳಿಯನ್ನು ಪತ್ತೆ ಹಚ್ಚಿದ್ದು ಎಂಬ ವಿಷಯ, ಅವರಿಗೆ ಬಡ್ತಿಯೂ ಬಂತು. ನನ್ನ ಖಾಯಂ ಆದೇಶ ಜೂನಿನಲ್ಲಿ ಕುಶಾಲನಗರದ ಮನೆಗೇ ಬಂತು. ಅಪ್ಪ ಅದನ್ನು ಸಂತೆಗೆ ಒಯ್ದು ನಾಲ್ಕು ಜನಕ್ಕೆ ತೋರಿಸಿಕೊಂಡು ಬಂದರು. ಆದೇಶದ ಜೊತೆ ಡಾಕ್ಟರು ನನ್ನ ಬಗ್ಗೆ ಬರೆದ ವರದಿಯ ಪ್ರತಿಯೂ ಇತ್ತು. ಕೆಲಸದ ಬಗ್ಗೆ, ಹರಳು ಹುರಿದದ್ದರ ಬಗ್ಗೆ, ಮಳೆಯಲ್ಲಿ ಯಂತ್ರ ಕಾಯ್ದದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಒಂದೇ ವಾಕ್ಯ ಬರೆದಿದ್ದರು: ಈತ ನಂಬಿಕಸ್ಥ, ಎಲ್ಲಿ ಸುಮ್ಮನಿರಬೇಕೆಂದು ಬಲ್ಲವನು.